ಬೀದಿಯ ಕಾಫಿಪುಡಿ ಅಂಗಡಿ

ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಕಾಫಿಪುಡಿ ಮಾರಾಟ ಬಹುಮಟ್ಟಿಗೆ ಮನೆತನದ ಕಸುಬು. ಅಪ್ಪ ಹುರಿಯುವ ಯಂತ್ರದ ಬಳಿ, ಮಗ ತಕ್ಕಡಿಯ ಬಳಿ ಇರುತ್ತಿದ್ದರು. ಬೆಂಗಳೂರಿನ ಗಾಂಧಿಬಜಾರ್, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಇಂಥ ಅಂಗಡಿಯ ಕಪಾಟಿನಲ್ಲಿ ಟೀಪುಡಿ, ಏಲಕ್ಕಿ, ಕಾಳುಮೆಣಸು ಕೂಡ ಸಿಗುತ್ತಿದ್ದವು. ಮೆಣಸು, ಏಲಕ್ಕಿಗೆ ಕಾಫಿಯೊಂದಿಗಿನ ನಂಟು ತೋಟದಲ್ಲೇ ಶುರುವಾಗುತ್ತದೆ. ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಮರಕ್ಕೇ ಮೆಣಸಿನ ಬಳ್ಳಿ ಹಬ್ಬುತ್ತದೆ. ಏಲಕ್ಕಿಯೂ ಅದೇ ಮಲೆನಾಡಿನ ಬೆಳೆ.

ಅಂಗಡಿಯವರು ಬೀಜವನ್ನು ಬೆಳೆಗಾರರಿಂದ ನೇರವಾಗಿ ಕೊಳ್ಳುವಂತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ ಬೆಳೆಗಾರರನ್ನು ಉಳಿಸಲು, ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುವ ಪೂಲ್ ಪದ್ಧತಿ ಬಂತು. 1942ರ ಕಾಯಿದೆ ಅದನ್ನು ಗಟ್ಟಿಮಾಡಿತು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಯೆಲ್ಲ ಕಾಫಿ ಮಂಡಳಿಯ ಪೂಲಿಗೆ ಸೇರಬೇಕಿತ್ತು. ಮಂಡಳಿ ಹರಾಜು ಹಾಕುತ್ತಿತ್ತು, ವರ್ತಕರು ಕೊಳ್ಳುತ್ತಿದ್ದರು, ಅವರಿಂದ ಮೂಟೆಗಳು ಬೀದಿಯ ಅಂಗಡಿಗೆ ಬರುತ್ತಿದ್ದವು. ಯಾವ ತೋಟದ ಬೀಜವೆಂಬುದು ಅಂಗಡಿಗೆ ತಿಳಿಯುತ್ತಿರಲಿಲ್ಲ. ಪ್ಲಾಂಟೇಷನ್ ಎ, ಪೀಬೆರಿ, ರೊಬಸ್ಟಾ ಚೆರಿ ಎಂಬ ದರ್ಜೆಯ ಹೆಸರೇ ಅದರ ಗುರುತು.

ಆದ್ದರಿಂದ ರುಚಿ ಅಂಗಡಿಯಲ್ಲೇ ಹುಟ್ಟಬೇಕಿತ್ತು. ಉರುಳೆಯಲ್ಲಿ ಬೀಜ ತಿರುಗುತ್ತ ಹಸಿರು ಹಳದಿಯಾಗಿ, ಕಂದಾಗಿ, ಚಟಪಟ ಸಿಡಿಯುತ್ತದೆ. ಆಮೇಲಿನ ಒಂದೆರಡು ನಿಮಿಷವೇ ನಿರ್ಣಾಯಕ: ಬೇಗ ತೆಗೆದರೆ ಹುಳಿ, ತಡವಾದರೆ ಸುಟ್ಟ ಕಹಿ. ಬಣ್ಣ, ಹೊಗೆ, ಸದ್ದು ಗಮನಿಸಿಯೇ ಹುರಿಯುವವರು ತೀರ್ಮಾನಿಸುತ್ತಿದ್ದರು. ಹುರಿದಾಗ ಬೀಜದ ತೂಕ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಇಳಿಯುತ್ತದೆ. ಬೆಲೆ ಕಟ್ಟುವಾಗ ಆ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪರಿಮಳಕ್ಕೆ ಅರೇಬಿಕಾ, ಡಿಕಾಕ್ಷನ್ ಗಟ್ಟಿಯಾಗಲು ರೊಬಸ್ಟಾ. ಇವೆರಡರ ಪ್ರಮಾಣವನ್ನು ಗಿರಾಕಿಯ ನಾಲಿಗೆ ನಿರ್ಧರಿಸುತ್ತಿತ್ತು. ಯಾವ ಮನೆಗೆ ಅರ್ಧ ಪೀಬೆರಿ, ಯಾವ ಮನೆಗೆ ಚಿಕೋರಿ ಎಷ್ಟು ಎಂಬುದು ಗಲ್ಲೆಯಲ್ಲಿ ಕುಳಿತವರಿಗೆ ಬಾಯಿಪಾಠ. ಮಗು ಬಂದು ಮನೆಯ ಹೆಸರು ಹೇಳಿದರೆ ಸಾಕು, ಸರಿಯಾದ ಪುಡಿ ಬಿಸಿಬಿಸಿಯಾಗಿ ಪೊಟ್ಟಣಕ್ಕೆ ಬೀಳುತ್ತಿತ್ತು. ಈ ವ್ಯಾಪಾರದ ನಿಜವಾದ ಬಂಡವಾಳ ಇದೇ.

ಚಿಕೋರಿಯನ್ನು ಬರೀ ಕಲಬೆರಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುವ ಈ ಬೇರು ಡಿಕಾಕ್ಷನ್‌ಗೆ ಬಣ್ಣ, ಮಂದತೆ ಕೊಡುತ್ತದೆ. ಕಾಫಿ ದುಬಾರಿಯಾದಾಗ ಸಂಸಾರಗಳನ್ನು ಕಾಪಾಡಿದ್ದೂ ಅದೇ. ಕಾನೂನು ನೂರಕ್ಕೆ 49ರವರೆಗೆ ಬೆರೆಸಲು ಬಿಡುತ್ತದೆ, ಆದರೆ ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಲೇಬೇಕು. ಹೇಳದೆ ಬೆರೆಸಿದರೆ ಮಾತ್ರ ಮೋಸ.

1992ರಲ್ಲಿ ಬೆಳೆಯ ಒಂದು ಪಾಲನ್ನು ದೇಶದೊಳಗೆ ತಾವೇ ಮಾರಲು ಬೆಳೆಗಾರರಿಗೆ ಅನುಮತಿ ಸಿಕ್ಕಿತು; 1996ರಲ್ಲಿ ಪೂಲ್ ಪದ್ಧತಿ ಪೂರ್ತಿ ಮುಗಿಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳ ಮೇಲೆ ಕಟ್ಟಿದ ಹಿಮದಿಂದ ಬೆಲೆ ಜಗತ್ತಿನಾದ್ಯಂತ ಏರಿ, ಮಂಡಳಿಯ ಆಸರೆಯಿಲ್ಲದ ಮಾರುಕಟ್ಟೆ ಎಷ್ಟು ಕುಣಿಯಬಲ್ಲದೆಂದು ಸಣ್ಣ ವರ್ತಕರಿಗೂ ಗೊತ್ತಾಯಿತು. ಪೂಲ್ ಮುಗಿದ ಮೇಲೆ ತೋಟದ ಹೆಸರು ಹೊತ್ತ ಬೀಜ ಅಂಗಡಿಗೆ ಬಂತು. ಜೊತೆಗೇ ಬೇರೆಲ್ಲೋ ಹುರಿದು ಬೀಸಿದ ಪ್ಯಾಕೆಟ್‌ಗಳು ಕಿರಾಣಿ ಅಂಗಡಿಗಳನ್ನು ತುಂಬಿದವು, ಇನ್‌ಸ್ಟಂಟ್ ಪುಡಿ ಇನ್ನಷ್ಟು ಅಡುಗೆಮನೆಗಳನ್ನು ಸೇರಿತು. ಕೆಲವು ಮನೆತನಗಳು ಕಸುಬು ಬಿಟ್ಟವು. ಕೆಲವು ತಾವೇ ಪ್ಯಾಕೆಟ್ ಮಾಡಿ ಉಳಿದವು.

ಬೀಜ ಪುಡಿಯಾದ ಮೇಲೆ ಪರಿಮಳ ಬೇಗ ಹಾರಿಹೋಗುತ್ತದೆ. ವಾರಕ್ಕೆ ಬೇಕಾದಷ್ಟನ್ನೇ ಅಂಗಡಿಯಲ್ಲಿ ಕಣ್ಣೆದುರು ಬೀಸಿಸಿಕೊಳ್ಳುವ ಹಳೆಯ ಕ್ರಮವೇ ಇಂದಿಗೂ ಸರಿಯಾದದ್ದು.