ಪಕ್ಕದ ಮನೆಗೆ ಹೋದ ಕೋವಿ

ಟೆಕ್ಸಾಸ್‌ಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅಕ್ಕಿ, ಹಾಲು ತರಲು ಅಂಗಡಿಗೆ ಹೋಗಿದ್ದೆ. ಬಿಲ್ಲಿನ ಸಾಲಿನಲ್ಲಿ ನನ್ನ ಮುಂದಿದ್ದ ಹುಡುಗನ ಸೊಂಟದಲ್ಲಿ ಪಿಸ್ತೂಲು, ಎಲ್ಲರಿಗೂ ಕಾಣುವಂತೆ. ಮೀಸೆ ಈಗಷ್ಟೇ ಚಿಗುರುತ್ತಿದ್ದ ಮುಖ. ಕೌಂಟರಿನ ಹೆಂಗಸು ಅವನ ಗುರುತಿನ ಚೀಟಿ ನೋಡಿ ಬಿಯರ್ ಡಬ್ಬಿಗಳನ್ನು ಪಕ್ಕಕ್ಕಿಟ್ಟಳು. 21 ತುಂಬಿಲ್ಲ, ಕೊಡುವಂತಿಲ್ಲ. ಅವನು ಮರುಮಾತಾಡದೆ ಚಿಪ್ಸ್ ಪೊಟ್ಟಣಕ್ಕೆ ದುಡ್ಡು ಕೊಟ್ಟು ಹೋದ. ಪಿಸ್ತೂಲಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ರೂಮಿಗೆ ಬಂದು ಹೇಳಿದರೆ ಧಾರವಾಡದ ಗೆಳತಿ ನಕ್ಕಳು. "ಕೊಡಗಿನಾಕಿ ನೀ, ಬಂದೂಕಿಗೆ ಹೆದರ್ತಿಯೇನ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮದು ವಿರಾಜಪೇಟೆ ಕಡೆಯ ಕೊಡವ ಮನೆ. ತಮ್ಮ ಹುಟ್ಟಿದಾಗ ಅಂಗಳದಲ್ಲಿ ಗುಂಡು ಹಾರಿಸಿದ್ದರು, ನಾನು ಹುಟ್ಟಿದಾಗ ಹಾರಿಸಿರಲಿಲ್ಲ. ಮನೆಯ ಕೋವಿಗೆ ಲೈಸೆನ್ಸ್ ಬೇಕಿಲ್ಲ. ಕೊಡವರಿಗೆ ಮತ್ತು ಜಮ್ಮಾ ಭೂಮಿ ಹೊಂದಿದವರಿಗೆ ಇರುವ ಈ ವಿನಾಯಿತಿ 1861ರಷ್ಟು ಹಳೆಯದು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು.

ನಾನು ಇತಿಹಾಸದ ವಿದ್ಯಾರ್ಥಿನಿ. ಆ ಹುಡುಗನ ಸೊಂಟದ ಹಿಂದಿನ ಕಾನೂನನ್ನು ಹುಡುಕಿ ಓದಿದೆ. 2021ರ ಸೆಪ್ಟೆಂಬರಿನಿಂದ ಟೆಕ್ಸಾಸ್‌ನಲ್ಲಿ 21 ತುಂಬಿದವರು ಪರವಾನಗಿಯಿಲ್ಲದೆ ಪಿಸ್ತೂಲು ಒಯ್ಯಬಹುದು. 18ರಿಂದ 20ರವರಿಗೆ ಸಾಮಾನ್ಯವಾಗಿ ಆ ಅವಕಾಶ ಇರಲಿಲ್ಲ. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬಂದೂಕಿನ ಮೇಲಿನ ಯಾವುದೇ ನಿರ್ಬಂಧಕ್ಕೆ ದೇಶದ ಇತಿಹಾಸದಲ್ಲಿ ಆಧಾರ ಇರಬೇಕು ಎಂದಿತು. ಎರಡು ತಿಂಗಳಿಗೆ ಫೋರ್ಟ್ ವರ್ತ್‌ನ ಫೆಡರಲ್ ನ್ಯಾಯಾಧೀಶರು, ಸಂವಿಧಾನ ಹೇಳುವ 'ಜನ'ರಲ್ಲಿ 18 ತುಂಬಿದವರೂ ಸೇರಿದ್ದಾರೆ ಎಂದು ತೀರ್ಪಿತ್ತರು. ಡಿಸೆಂಬರಿನಲ್ಲಿ ರಾಜ್ಯ ತನ್ನ ಮೇಲ್ಮನವಿಯನ್ನು ಹಿಂತೆಗೆದುಕೊಂಡಿತು. ಇಂಥ ವಾದಗಳಲ್ಲಿ ಮತ್ತೆ ಮತ್ತೆ ಬರುವುದು 1792ರ ಮಿಲಿಷಿಯಾ ಕಾಯ್ದೆ. 18 ದಾಟಿದ ಬಿಳಿಯ ಗಂಡಸು ತನ್ನದೇ ಬಂದೂಕಿನೊಂದಿಗೆ ಹಾಜರಾಗಬೇಕು ಎಂದು ಅದು ವಿಧಿಸಿತ್ತು.

ರೈಫಲ್ಲಿಗಂತೂ ಮೊದಲಿನಿಂದಲೂ 18 ಸಾಕು. 2022ರ ಮೇ 24ರಂದು ಯುವಾಲ್ಡೆಯ ಶಾಲೆಯಲ್ಲಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದವನು, 18 ತುಂಬಿದ ಕೆಲವೇ ದಿನಗಳಲ್ಲಿ ಎರಡು ರೈಫಲ್‌ಗಳನ್ನು ಕಾನೂನುಬದ್ಧವಾಗಿಯೇ ಕೊಂಡಿದ್ದ.

ಸಂಪ್ರದಾಯವೇ ಆಧಾರ ಎನ್ನುವ ವಾದ ನನಗೆ ಹೊಸದಲ್ಲ, ನಮ್ಮ ಮನೆಯ ಕೋವಿ ನಿಂತಿರುವುದೂ ಅದರ ಮೇಲೆಯೇ. ಹಾಗಾಗಿ ಬೈಯಲು ಬಾಯಿ ಬರಲಿಲ್ಲ. ಆದರೆ ದೊಡ್ಡಪ್ಪನ ಮಗ, ನನ್ನ ಅಣ್ಣ, ನೆನಪಾದ.

ಅವನಿಗೆ ಆಗ 19. ಇಂಜಿನಿಯರಿಂಗ್ ಮೊದಲ ವರ್ಷ ಫೇಲಾಗಿ ಮನೆಗೆ ಬಂದಿದ್ದ. ಊಟ ಬಿಟ್ಟ, ಮಾತು ಬಿಟ್ಟ, ಹಗಲೆಲ್ಲ ಜಗಲಿಯಲ್ಲಿ ಕೂರುತ್ತಿದ್ದ. ಒಂದು ಸಂಜೆ ತಾತ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಪಕ್ಕದ ಮನೆಗೆ ಹೋದರು. "ಅವರ ತೋಟದಲ್ಲಿ ಹಂದಿ ಕಾಟವಂತೆ" ಅಂದರು. ಯಾರೂ ಮರುಪ್ರಶ್ನೆ ಹಾಕಲಿಲ್ಲ. ಕೈಲ್‌ಪೋದಿಗೆ ಕೋವಿ ಮನೆಗೆ ಬಂತು, ನಳಿಗೆಗೆ ತೋಕ್‌ಪೂ ಸಿಕ್ಕಿಸಿ ಪೂಜೆಯಾಯಿತು, ಸಂಜೆಗೆ ಮತ್ತೆ ಪಕ್ಕದ ಮನೆಗೆ ಹೋಯಿತು. ವಾಪಸಾದದ್ದು ಮರುವರ್ಷ.

ಈಗ ಅಣ್ಣ ಕಾಳುಮೆಣಸಿನ ವ್ಯಾಪಾರ ಮಾಡುತ್ತಾನೆ. ಕಳೆದ ಸಲ ಊರಿಗೆ ಹೋದಾಗ ತಾನಾಗಿಯೇ ಹೇಳಿದ. "ಹಂದಿಯೂ ಇರಲಿಲ್ಲ ಏನೂ ಇರಲಿಲ್ಲ, ನನಗೆ ಗೊತ್ತಿತ್ತು ಮಾರಾಯ್ತಿ. ಗೋಡೆ ಖಾಲಿ ಕಂಡ ದಿನ ತಾತನ ಮೇಲೆ ಸಿಟ್ಟು ಬಂತು. ಆ ರಾತ್ರಿಯೇ ಎಷ್ಟೋ ದಿನಕ್ಕೆ ನಿದ್ದೆ ಬಂತು."

ಹಾಗೆಂದು ನಮ್ಮೂರು ಸರಿ, ಈ ಊರು ತಪ್ಪು ಎನ್ನಲಾರೆ. ಎಲ್ಲ ಮನೆಯಲ್ಲೂ ಅಂಥ ತಾತ ಇರುವುದಿಲ್ಲ. ಕೆಲವು ಮನೆಗಳಲ್ಲಿ ಕೋವಿಗೆ ಮೊದಲು ಕೈಹಾಕುವವರು ಹಿರಿಯರೇ. ಅಮೆರಿಕದ ಕೆಲವು ರಾಜ್ಯಗಳಲ್ಲಿ ತಾತ ಮಾಡಿದ ಕೆಲಸಕ್ಕೆ 'ರೆಡ್ ಫ್ಲ್ಯಾಗ್' ಎನ್ನುವ ಕಾನೂನಿದೆ. ಅಪಾಯದಲ್ಲಿರುವವನ ಬಂದೂಕನ್ನು ಕೆಲಕಾಲ ದೂರವಿಡುವಂತೆ ನ್ಯಾಯಾಲಯವನ್ನು ಕೇಳಬಹುದು. ಟೆಕ್ಸಾಸ್‌ನಲ್ಲಿ ಅದಿಲ್ಲ.

ಕಳೆದ ಸೆಮಿಸ್ಟರ್ ನಾನು ಪಾಠ ಮಾಡುವ ತರಗತಿಯಲ್ಲಿ 20ರ ಒಬ್ಬ ಹುಡುಗನಿದ್ದ. ತನ್ನ ಬಳಿ ಪಿಸ್ತೂಲಿದೆ, ಪರವಾನಗಿಯೂ ಇದೆ ಎಂದು ಚರ್ಚೆಯೊಂದರಲ್ಲಿ ಸಹಜವಾಗಿ ಹೇಳಿದ್ದ. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪರವಾನಗಿ ಇದ್ದವರು 2016ರಿಂದ ಅದನ್ನು ಮರೆಯಲ್ಲಿಟ್ಟು ತರಗತಿಗೂ ತರಬಹುದು. ಮೂರು ವಾರ ಅವನು ಕಾಣಲಿಲ್ಲ. ಬಂದಾಗ ಕಣ್ಣು ಅಣ್ಣನ ಕಣ್ಣಿನ ಹಾಗಿತ್ತು.

ಆಪ್ತಸಲಹೆಯ ವಿಳಾಸ ಕೊಟ್ಟೆ, ಅಲ್ಲಿಗೆ ಜೊತೆಯಲ್ಲೇ ನಡೆದೆ. ದಾರಿಯಲ್ಲಿ, ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ಕೇಳಿದೆ. ಒಬ್ಬನೇ ಎಂದ. ಅಮ್ಮ ಸ್ಯಾನ್ ಆಂಟೋನಿಯೊದಲ್ಲಿದ್ದಾರಂತೆ. ಹಂದಿಯ ನೆಪ ಹೇಳಲು ನನಗೆ ಪಕ್ಕದ ತೋಟವಿರಲಿಲ್ಲ. "ಸ್ವಲ್ಪ ದಿನ ಅದನ್ನು ಅಮ್ಮನ ಹತ್ತಿರ ಇಡುತ್ತೀಯಾ?" ಎಂದು ನೇರ ಕೇಳಿಬಿಟ್ಟೆ. ಧ್ವನಿ ನಡುಗಿತು. ಹಾಗೆ ಕೇಳಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಅವನು ಉತ್ತರಿಸಲಿಲ್ಲ.

ಮುಂದಿನ ಸೋಮವಾರ ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಿಂತಿದ್ದ. ನಾನೇನೂ ಕೇಳಲಿಲ್ಲ. "ಅಮ್ಮನ ಮನೆಯಲ್ಲಿದೆ" ಅಂದ.