ಟ್ರಿಪ್ ಡೈರಿ 4: ರಾತ್ರಿ ಏಳೂವರೆಗೆ ಕೂಲಿಂಗ್ ಗ್ಲಾಸ್

ಈ ಫೋಟೋಗೆ ನೀವೆಲ್ಲ ಬೆಂಕಿ ಇಮೋಜಿ ಹಾಕಿದ್ರಿ. ಡೆಲ್ಲಿಗೆ ಹೋಗಿ ಹೀರೋಯಿನ್ ಆಗ್ಬಿಟ್ಲು ಅಂದ್ರಿ. ಆ ಕೂಲಿಂಗ್ ಗ್ಲಾಸ್ ಹಿಂದೆ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು.

ಇಂಟರ್‌ವ್ಯೂ ಫೈನಲ್ ರೌಂಡ್ ಇಪ್ಪತ್ತು ನಿಮಿಷಕ್ಕೆ ಮುಗೀತು. ಆಮೇಲೆ ತಿಳಿಸ್ತೀವಿ ಅಂತಲೂ ಅನ್ನಲಿಲ್ಲ, ಅಲ್ಲೇ ಇಲ್ಲ ಅಂದ್ರು. ವಾಪಸ್ ಬರುವಾಗ ಏರ್‌ಪೋರ್ಟ್ ಬಾಗಿಲಲ್ಲಿ ಸಿಐಎಸ್‌ಎಫ್‌ನವರು ಆಧಾರ್ ನೋಡಿ, ನನ್ನ ಮುಖ ನೋಡಿ, ಮತ್ತೆ ಆಧಾರ್ ನೋಡಿ, "ಸಬ್ ಠೀಕ್ ಹೈ, ಬೇಟಾ?" ಅಂದ್ರು. ಅಲ್ಲೀವರೆಗೂ ತಡ್ಕೊಂಡಿದ್ದೆ.

ಸೆಕ್ಯುರಿಟಿ ದಾಟಿದ ಮೇಲೆ ಮೊದಲು ಕಂಡದ್ದೇ ಕನ್ನಡಕದ ಅಂಗಡಿ. ರಾತ್ರಿ ಏಳೂವರೆಗೆ ಇದ್ಯಾಕೆ ಅಂತ ಅಂಗಡಿ ಹುಡುಗ ಕೇಳಲಿಲ್ಲ, ಪುಣ್ಯಾತ್ಮ. ಪಾಠ ಮಾತ್ರ ಮಾಡಿದ. ಯುವಿ 400 ಅಂದ್ರೆ 400 ನ್ಯಾನೊಮೀಟರ್‌ವರೆಗಿನ ಅತಿನೇರಳೆ ಕಿರಣ ತಡೆಯುತ್ತಂತೆ. ಅದಿಲ್ಲದ ಬರೀ ಕಪ್ಪು ಗಾಜು ಹಾಕಿದ್ರೆ, ಕತ್ತಲಾಯ್ತು ಅಂತ ಕಣ್ಣಿನ ಪಾಪೆ ಅಗಲವಾಗಿ ಆ ಕಿರಣ ಇನ್ನೂ ಜಾಸ್ತಿ ಒಳಗೆ ಹೋಗುತ್ತಂತೆ. (ಮೆಜೆಸ್ಟಿಕ್ ಫುಟ್‌ಪಾತಲ್ಲಿ ನೂರೈವತ್ತಕ್ಕೆ ತಗೊಂಡೋರು ಗಮನಿಸಿ. ಹೆಸರು ಹೇಳಲ್ಲ.) ರೇಟು 2,490 ರೂಪಾಯಿ. "ಹಸ್ಕೊಂಡಿರಬೇಡ" ಅಂತ ಅಮ್ಮ ಕೊಟ್ಟಿದ್ದು 3,000.

ಪೋಲರೈಸ್ಡ್ ಬೇರೆ. ಹಾಕ್ಕೊಂಡು ಫೋನ್ ಹಿಡಿದ್ರೆ ಸ್ಕ್ರೀನ್ ಪೂರ್ತಿ ಕಪ್ಪು, ಕತ್ತು ವಾರೆ ಮಾಡಿದ್ರಷ್ಟೇ ಕಾಣೋದು. ಈ ಸೆಲ್ಫಿಯಲ್ಲಿ ತಲೆ ವಾಲಿರೋದು ಪೋಸ್ ಅಲ್ಲ ಕಣ್ರೋ.

ಬೆಂಗಳೂರಲ್ಲಿ ಇಳಿದು ಹಾಸನದ ಕೆಂಪು ಬಸ್ ಹತ್ತಿದೆ. ಹೆಣ್ಮಕ್ಕಳಿಗೆ ಫ್ರೀ ಇದ್ದದ್ದಕ್ಕೆ ಬಚಾವ್. ಬೆಳಗಿನ ಜಾವ ಬಾಗಿಲು ತೆಗೆದ ಅಮ್ಮ ಎರಡು ಹೆಜ್ಜೆ ಹಿಂದೆ ಹೋದ್ಲು.

"ಅಯ್ಯೋ, ಮದ್ರಾಸ್ ಐ ಬಂತೇನೇ? ತಮ್ಮನ ಹತ್ರ ಹೋಗ್ಬೇಡ!"

ನಮ್ಮ ಬೀದೀಲಿ ಕೂಲಿಂಗ್ ಗ್ಲಾಸ್ ಅಂದ್ರೆ ಒಂದೋ ಮದ್ರಾಸ್ ಐ, ಇಲ್ಲಾ ಪೊರೆ ಆಪರೇಷನ್. ಹೂಂ ಅಂದ್ಬಿಟ್ಟೆ. ಬೇರೆ ಟವೆಲ್, ಬೇರೆ ರೂಮು, ಯಾರೂ ಏನೂ ಕೇಳಲ್ಲ. ಎರಡು ದಿನ ಹಾಗೇ ಕಳೀತು.

ಮೂರನೇ ದಿನ ಅಮ್ಮ ಕಾಫಿ ಇಟ್ಟು ಹೋಗದೆ ಮಂಚದ ಮೇಲೆ ಕೂತ್ಲು. ಕನ್ನಡಕ ತಾನೇ ತೆಗೆದ್ಲು.

"ಕೆಲಸ ಆಗ್ಲಿಲ್ವಾ?"

"ಇಲ್ಲಮ್ಮ."

ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಕನ್ನಡಕ ತಿರುಗಿಸಿ ತಿರುಗಿಸಿ ನೋಡಿದ್ಲು. ಒಂದ್ಸಲ ಹಾಕ್ಕೊಂಡೂ ನೋಡಿದ್ಲು.

"ಇದಕ್ಕೆಷ್ಟು ಕೊಟ್ಟೆ?"

ಅದಕ್ಕಿನ್ನೂ ಉತ್ತರ ಕೊಟ್ಟಿಲ್ಲ. ಅಮ್ಮಂಗೆ ಇನ್‌ಸ್ಟಾ ಇಲ್ಲ, ನೀವ್ಯಾರೂ ಹೇಳ್ಬೇಡಿ.