ಸುಣ್ಣದ ತಿಳಿನೀರು ಹಾಲಿನಂತಾಗುತ್ತದೆ

ಕನ್ನಡ ಮಾಧ್ಯಮದಲ್ಲಿ ಹೈಸ್ಕೂಲು ಮುಗಿಸಿದ ಯಾರನ್ನೇ ಆಗಲಿ ನಡುರಾತ್ರಿ ತಟ್ಟಿ ಎಬ್ಬಿಸಿ, ‘ಇಂಗಾಲದ ಡೈಆಕ್ಸೈಡನ್ನು ಗುರುತಿಸುವುದು ಹೇಗೆ?’ ಎಂದು ಕೇಳಿ ನೋಡಿ. ಕಣ್ಣುಜ್ಜಿಕೊಳ್ಳುವ ಮೊದಲೇ ಉತ್ತರ ಬಂದುಬಿಡುತ್ತದೆ: ‘ಸುಣ್ಣದ ತಿಳಿನೀರು ಹಾಲಿನಂತಾಗುತ್ತದೆ.’ ಮದುವೆಯಾದ ತಾರೀಕು ಮರೆತಿರಬಹುದು, ಎಟಿಎಮ್ಮಿನ ಪಿನ್ ಮರೆತಿರಬಹುದು, ಇದು ಮಾತ್ರ ಮರೆತಿರುವುದಿಲ್ಲ. ಎರಡು ಮಾರ್ಕಿನ ಪ್ರಶ್ನೆ. ಚಿತ್ರ ಬಿಡಿಸಿ ಭಾಗ ಗುರುತಿಸಿದರೆ ಮೂರು. ಆ ಚಿತ್ರವೂ ಎಲ್ಲರಿಗೂ ಬಾಯಿಪಾಠ. ಒಂದು ಪ್ರನಾಳ, ಅದಕ್ಕೊಂದು ಬಿರಡೆ, ಬಿರಡೆಯಲ್ಲಿ ತೂರಿಸಿದ ಬಾಗಿದ ಕೊಳವೆ. ನಿಜವಾದ ಪ್ರನಾಳ ನಮಗೆಲ್ಲ ಬೀರುವಿನ ಗಾಜಿನಾಚೆಯಿಂದಲೇ ದರ್ಶನ ಕೊಡುತ್ತಿತ್ತು. ಹುಡುಗರ ಕೈಗೆ ಕೊಟ್ಟರೆ ಒಡೆದು ಹಾಕುತ್ತಾರೆಂಬ ಭಯ ಮೇಷ್ಟ್ರಿಗೆ, ಒಡೆದರೆ ಸಂಬಳದಲ್ಲಿ ಹಿಡಿಯುತ್ತಾರೆಂಬ ಭಯವೂ ಇದ್ದೀತು. ಸುಣ್ಣವಾದರೋ ಮನೆಯಲ್ಲೇ ಇತ್ತು, ಅಜ್ಜಿಯ ಎಲೆಯಡಿಕೆ ತಟ್ಟೆಯ ಮೂಲೆಯಲ್ಲಿ, ಪುಟ್ಟ ಡಬ್ಬಿಯೊಳಗೆ. ಪುಸ್ತಕದ ಸುಣ್ಣವೂ ಡಬ್ಬಿಯ ಸುಣ್ಣವೂ ಒಂದೇ ಎಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಶಾಲೆಯ ವಿಜ್ಞಾನಕ್ಕೆ ಮಡಿ ಸ್ವಲ್ಪ ಜಾಸ್ತಿ. ರಸಾಯನಶಾಸ್ತ್ರದ ಪಾಠ ಜೀವಶಾಸ್ತ್ರದ ಪಾಠವನ್ನು ಮುಟ್ಟುವ ಹಾಗಿಲ್ಲ. ಬೇಸಾಯಕ್ಕೆ ಒಂದು ಪಾಠ ಕೊಟ್ಟು ಪಕ್ಕಕ್ಕೆ ಕೂರಿಸಿರುತ್ತಾರೆ. ಪರೀಕ್ಷೆಗೆ ಅದು ಬರುವುದಿಲ್ಲವೆಂದು ಗೊತ್ತಾದರೆ ಅದೂ ಇಲ್ಲ. ನನ್ನ ಕೈಗೆ ಒಂದು ವರ್ಷದ ವಿಜ್ಞಾನ ಕೊಟ್ಟರೆ ಆ ಸುಣ್ಣದ ಡಬ್ಬಿಯೊಂದನ್ನೇ ಹಿಡಿದುಕೊಂಡು ಜೂನಿನಿಂದ ಮಾರ್ಚಿನವರೆಗೆ ಎಳೆದೇನು. ಕೊಡುವವರಿಲ್ಲ, ಹಾಗಾಗಿ ಇಲ್ಲಿ ಹರಟುತ್ತಿದ್ದೇನೆ.

ಸುಣ್ಣ ಹುಟ್ಟುವುದೇ ಜೀವಶಾಸ್ತ್ರದಲ್ಲಿ. ಕುಮಟಾದ ಹತ್ತಿರ ಅಘನಾಶಿನಿ ಕಡಲು ಸೇರುವಲ್ಲಿ, ಇಳಿತದ ಹೊತ್ತಿಗೆ ಜನ ಅಳಿವೆಗಿಳಿದು ಚಿಪ್ಪಿಕಲ್ಲು ಹೆಕ್ಕುತ್ತಾರೆ. ಒಳಗಿನ ಮಾಂಸ ಸಾರಿಗಾಯಿತು, ಹೊರಗಿನ ಚಿಪ್ಪು ಸುಣ್ಣಕ್ಕಾಯಿತು. ಎಲುಬೇ ಇಲ್ಲದ ಆ ಮೆತ್ತನೆಯ ಪ್ರಾಣಿ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಮ್ಮನ್ನೂ ಕಾರ್ಬೊನೇಟನ್ನೂ ಹೀರಿ, ಪದರದ ಮೇಲೆ ಪದರವಾಗಿ ತನ್ನ ಮನೆ ಕಟ್ಟಿಕೊಳ್ಳುತ್ತದೆ. ಕೋಳಿಯೂ ಇದನ್ನೇ ಮಾಡುತ್ತದೆ. ಮೊಟ್ಟೆಯ ಸಿಪ್ಪೆಯಲ್ಲಿ ನೂರಕ್ಕೆ ಸುಮಾರು 95 ಪಾಲು ಇದೇ ಕ್ಯಾಲ್ಸಿಯಂ ಕಾರ್ಬೊನೇಟು. ಮೇವಿನಲ್ಲಿ ಸಾಲದಿದ್ದರೆ ತನ್ನ ಮೂಳೆಯಿಂದ ಕಿತ್ತಾದರೂ ಮೊಟ್ಟೆಗೆ ಕೊಡುತ್ತದೆ. ಮಳೆಗಾಲದಲ್ಲಿ ತೋಟಕ್ಕೆ ದಾಳಿಯಿಡುವ ಆಫ್ರಿಕನ್ ಬಸವನಹುಳು ರಾತ್ರಿ ಗೋಡೆ ಹತ್ತಿ ಸುಣ್ಣ ಕೆರೆದು ತಿನ್ನುವುದೂ ಬೆನ್ನ ಮೇಲಿನ ಚಿಪ್ಪಿಗಾಗಿಯೇ. ನಾವು ಅದಕ್ಕೆ ಉಪ್ಪು ಹಾಕುವ ಅವಸರದಲ್ಲಿ ಇದನ್ನೆಲ್ಲ ಗಮನಿಸುವುದಿಲ್ಲ.

ಬಯಲುಸೀಮೆಯವರಿಗೆ ಚಿಪ್ಪಿನ ಹಂಗಿಲ್ಲ, ನೆಲದಲ್ಲೇ ಸುಣ್ಣದ ಕಲ್ಲಿದೆ. ಮನೆಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಅದರ ಮೇಲೆ ನಿಂಬೆಹಣ್ಣಿನ ಶರಬತ್ತು ಚೆಲ್ಲಿ ಒರೆಸದೆ ಬಿಟ್ಟರೆ ಮಂಕಾದ ಕಲೆಯೊಂದು ಕೂರುತ್ತದಲ್ಲ, ಅದು ಆಮ್ಲ ಕಾರ್ಬೊನೇಟನ್ನು ತಿಂದ ಗುರುತು. ಕಲ್ಲಾಗಲಿ ಚಿಪ್ಪಾಗಲಿ ಗೂಡಿಗೆ ಹಾಕಿ ಚೆನ್ನಾಗಿ ಸುಟ್ಟರೆ 100 ಕೆ.ಜಿ.ಗೆ 56 ಕೆ.ಜಿ. ಸುಟ್ಟ ಸುಣ್ಣ ಉಳಿಯುತ್ತದೆ. ಮಿಕ್ಕ 44 ಕೆ.ಜಿ. ಇಂಗಾಲದ ಡೈಆಕ್ಸೈಡಾಗಿ ಹೊಗೆಯ ಜೊತೆ ಹೊರಟುಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಬಿಟ್ಟರೆ ಬೆಂಕಿಯಿಲ್ಲದೆಯೇ ಕೊತಕೊತ ಕುದ್ದು ಅರಳುತ್ತದೆ. ಹಬ್ಬಕ್ಕೆ ಮುಂಚೆ ಹಳೇ ಡ್ರಮ್ಮಿನಲ್ಲಿ ಸುಣ್ಣ ನೆನೆಹಾಕಿ, ‘ಹತ್ರ ಹೋಗ್ಬೇಡ್ರೋ’ ಎಂದು ಮಕ್ಕಳನ್ನು ಗದರುತ್ತಿದ್ದ ಮನೆಗಳಲ್ಲಿ ಬೆಳೆದವರಿಗೆ ಉಷ್ಣ ಬಿಡುಗಡೆಯಾಗುವ ರಾಸಾಯನಿಕ ಕ್ರಿಯೆ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಬಳಿದ ದಿನ ಗೋಡೆ ಮಾಸಲಾಗಿ ಕಾಣುತ್ತದೆ, ಎರಡು ಮೂರು ದಿನ ಕಳೆದ ಮೇಲೆ ಬೆಳ್ಳಗೆ ಹೊಳೆಯುತ್ತದೆ. ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆ ಗಾಳಿಯಿಂದ ಮೆಲ್ಲಗೆ ವಾಪಸು ಪಡೆದು ಮತ್ತೆ ಸುಣ್ಣದ ಕಲ್ಲಾಗುತ್ತಿರುತ್ತದೆ. ವಿಜಯಪುರದ ಗೋಲಗುಮ್ಮಟವನ್ನು ಹಿಡಿದು ನಿಲ್ಲಿಸಿರುವುದೂ ಸುಣ್ಣದ ಗಾರೆಯೇ. ಕನ್ನಂಬಾಡಿ ಕಟ್ಟೆಗೂ ಸಿಮೆಂಟು ಹಾಕಲಿಲ್ಲ. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿಯಲ್ಲೇ ಕಟ್ಟಿದರು. ಅಲ್ಲಿಗೆ ಹೋದವರು ಬಣ್ಣದ ಕಾರಂಜಿ ನೋಡಿಕೊಂಡು ಬರುತ್ತಾರೆ.

ಈಗ ತಿಳಿನೀರಿಗೆ ಬರೋಣ. ಆ ಎರಡು ಮಾರ್ಕಿನ ಉತ್ತರದಲ್ಲಿ ಅರ್ಧ ಕಥೆ ಮಾತ್ರ ಇದೆ. ಅಡಿಯಲ್ಲಿ ಸುಣ್ಣ ತಂಗಿದ ಮೇಲೆ ಮೇಲಿನ ತಿಳಿ ಬಸಿದುಕೊಂಡು ಕೊಳವೆಯಲ್ಲಿ ಉಸಿರು ಊದಿ. ಊದಬೇಕು, ಅಪ್ಪಿತಪ್ಪಿಯೂ ಹೀರಬಾರದು. ಹಾಲಿನಂತಾಗುತ್ತದೆ, ಸರಿ. ಅಲ್ಲಿಗೇ ನಿಲ್ಲಿಸದೆ ಇನ್ನೂ ಊದುತ್ತಾ ಹೋದರೆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗತೊಡಗುತ್ತದೆ. ಕಾರ್ಬೊನೇಟು ಬೈಕಾರ್ಬೊನೇಟಾಗಿ ಕರಗಿರುತ್ತದೆ. ಬೋರ್‌ವೆಲ್ ನೀರಿನ ಗಡಸುತನದಲ್ಲಿ ಇದರದ್ದೇ ದೊಡ್ಡ ಪಾಲು. ಆ ನೀರು ಕಾಯಿಸಿದ ಹಂಡೆಯೊಳಗೆ ಬೆಳ್ಳಗೆ ಹಕ್ಕಳೆಗಟ್ಟುವುದು ಅದೇ ಸುಣ್ಣ, ಮರಳಿ ಬಂದದ್ದು. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೊತ್ತು ತಂದು ಸುಣ್ಣದ ಕಲ್ಲನ್ನು ಹೀಗೇ ಕರಗಿಸುತ್ತದೆ. ಉತ್ತರ ಕನ್ನಡದ ಯಾಣದಲ್ಲಿ ಭಸ್ಮಾಸುರ ಸುಟ್ಟು ಬೂದಿಯಾದದ್ದಕ್ಕೇ ಬಂಡೆ ಕಪ್ಪಗಿದೆ ಎನ್ನುತ್ತಾರೆ. ಭೂವಿಜ್ಞಾನಿಗಳು ಆ ಚೂಪು ಶಿಖರಗಳೂ ಸುಣ್ಣದ ಕಲ್ಲೇ, ನೀರು ಕರಗಿಸಿ ಕೆತ್ತಿದ್ದು ಎನ್ನುತ್ತಾರೆ. ಎರಡನೆಯದನ್ನು ಒಪ್ಪಿಕೊಂಡು ಮೊದಲನೆಯದನ್ನು ಹೇಳುವುದು ನನ್ನ ಪದ್ಧತಿ. ಮಕ್ಕಳಿಗೆ ಅದೇ ಇಷ್ಟ.

ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಕಾಗದ ಖಾಲಿಯಾಗಿದೆ ಎಂದು ಕೊರಗುವವರನ್ನು ಕಂಡರೆ ನನಗೆ ಆರತಿ ತಟ್ಟೆ ನೆನಪಾಗುತ್ತದೆ. ಮದುಮಕ್ಕಳು ಹೊಸಿಲು ದಾಟುವ ಮೊದಲು ಅರಿಶಿನದ ನೀರಿಗೆ ಚೂರು ಸುಣ್ಣ ಕದಡುತ್ತಾರೆ. ಹಳದಿ ನೀರು ನೋಡುತ್ತಿದ್ದಂತೆ ರಕ್ತಗೆಂಪು. ಓಕುಳಿ ನೀರೆನ್ನಿ, ಕುರುದಿ ನೀರೆನ್ನಿ, ಪ್ರತ್ಯಾಮ್ಲ ಸಿಕ್ಕ ಕೂಡಲೇ ಅರಿಶಿನದ ಕರ್ಕ್ಯುಮಿನ್ ಬಣ್ಣ ಬದಲಿಸಿದ್ದು ಅದು. ಸಾರು ಚೆಲ್ಲಿಕೊಂಡ ಬಿಳಿ ಅಂಗಿಗೆ ಸಾಬೂನು ತಿಕ್ಕಿದಾಗ ಹಳದಿ ಕಲೆ ಕೆಂಪಾಗಿ ಗಾಬರಿ ಹುಟ್ಟಿಸುವುದೂ, ನೀರಿನಲ್ಲಿ ಜಾಲಿಸಿದರೆ ಮತ್ತೆ ಹಳದಿಯಾಗುವುದೂ ಇದರಿಂದಲೇ. ಇನ್ನೂ ಬೇಕಿದ್ದರೆ ಅಂಗಳದಲ್ಲಿ ದಾಸವಾಳವಿದೆ. ಹೂವಿನ ರಸಕ್ಕೆ ನಿಂಬೆಹುಳಿ ಬಿದ್ದರೆ ಗಾಢ ಗುಲಾಬಿ, ಸುಣ್ಣದ ತಿಳಿ ಬಿದ್ದರೆ ಹಸಿರು.

ಹಾಗೆಂದು ಹಿರಿಯರು ಮಾಡಿದ್ದೆಲ್ಲ ವಿಜ್ಞಾನವೇ ಎಂಬ ಪಂಗಡಕ್ಕೆ ನನ್ನನ್ನು ಸೇರಿಸಬೇಡಿ. ಜೇನು ಕಚ್ಚಿದಲ್ಲಿ ಸುಣ್ಣ ಹಚ್ಚುವುದನ್ನು ‘ತಟಸ್ಥೀಕರಣ’ ಎಂದು ಹೆಮ್ಮೆಯಿಂದ ವಿವರಿಸುವವರಿದ್ದಾರೆ. ಜೇನಿನ ವಿಷದಲ್ಲಿ ಮುಖ್ಯವಾಗಿ ಇರುವುದು ಪ್ರೋಟೀನಿನ ಜಾತಿಯ ವಸ್ತುಗಳು, ಅವು ಹೋಗಿ ಕೂತಿರುವುದು ಚರ್ಮದ ಒಳಗೆ. ಮೇಲೆ ಹಚ್ಚಿದ ಸುಣ್ಣ ಚರ್ಮವನ್ನು ಸುಟ್ಟೀತೇ ಹೊರತು ವಿಷದ ತನಕ ಇಳಿಯುವುದಿಲ್ಲ. ಎಲೆಯಡಿಕೆಯ ಕೆಂಪು ಅಡಿಕೆಯ ಒಗರಿಗೆ ಸುಣ್ಣ ಸೇರಿದ್ದರ ಫಲ, ನೋಡಲು ಚೆಂದ. ಆದರೆ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಹಾಕಿದೆ. ನೆಂಟರಲ್ಲಿ ಅರ್ಧ ಜನ ತೋಟದವರಾದ್ದರಿಂದ ಈ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ.

ತೋಟದ ಮಾತು ಬಂದದ್ದು ಒಳ್ಳೆಯದಾಯಿತು. ಸುಣ್ಣದ ಅಸಲಿ ಪ್ರತಾಪ ಇರುವುದು ಅಲ್ಲಿ. 1882ರಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರೊಫೆಸರು ದ್ರಾಕ್ಷಿ ತೋಟದ ಬದಿಯಲ್ಲಿ ಹೋಗುವಾಗ ಒಂದು ವಿಚಿತ್ರ ನೋಡಿದ. ಒಳಗಿನ ಬಳ್ಳಿಗಳೆಲ್ಲ ಬೂಜು ರೋಗದಿಂದ ಎಲೆ ಉದುರಿಸಿಕೊಂಡಿವೆ, ದಾರಿಯಂಚಿನವು ಮಾತ್ರ ಸೊಂಪಾಗಿವೆ. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯದಿರಲೆಂದು ವಿಷದಂತೆ ಕಾಣುವ ಹಾಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚಿದ್ದಾರೆ! ಕಳ್ಳರಿಗೆ ಇಟ್ಟ ಮದ್ದು ರೋಗಕ್ಕೂ ತಾಗಿತ್ತು. ಪ್ರಯೋಗ ಮಾಡಿ 1885ರಲ್ಲಿ ಆತ ಅದನ್ನು ಪ್ರಕಟಿಸಿದ. ಮುಂದೆ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಬೆನ್ನು ಹತ್ತಿ, 1910ರಲ್ಲಿ ಅದರ ಮೇಲೆ ಬುಲೆಟಿನ್ ಬರೆದು, ಇದೇ ಬೋರ್ಡೋ ದ್ರಾವಣವನ್ನು ಅಡಿಕೆ ಕೊನೆಗೆ ತೋರಿಸಿಕೊಟ್ಟ. ಕೊಳೆ ತರುವ ಜೀವಿ ಫೈಟಾಫ್ತೊರಾ. ಶಿಲೀಂಧ್ರದ ವೇಷದಲ್ಲಿರುತ್ತದೆ, ಆದರೆ ಅಸಲಿ ಶಿಲೀಂಧ್ರವಲ್ಲ. ಅದರ ಬೀಜಾಣುಗಳು ನೀರಿನಲ್ಲಿ ಈಜುತ್ತವೆ, ಹಾಗಾಗಿ ಜಡಿಮಳೆಯೆಂದರೆ ಅವಕ್ಕೆ ಹಬ್ಬ. 1845ರಿಂದ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಸಿ ಲಕ್ಷಾಂತರ ಜನರನ್ನು ಹಸಿವಿಗೆ ದೂಡಿದ್ದು ಇದರ ದಾಯಾದಿಯೇ.

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನ ಅಂಗಳದಲ್ಲಿ ಮಳೆ ಹಿಡಿಯುವ ಮುಂಚೆ ಮದ್ದು ಕಲಸುವುದನ್ನು ನೀವು ನೋಡಬೇಕು. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿಕೊಂಡು, ಸುಣ್ಣದ ಹಾಲಿಗೆ ಮೈಲುತುತ್ತದ ನೀರನ್ನು ಸುರಿಯುತ್ತಾ ಕೋಲಿನಿಂದ ತಿರುಗಿಸಬೇಕು. ಆಕಾಶನೀಲಿ ಬಣ್ಣ ಬರುತ್ತದೆ. ಆಮೇಲೆ ಪರೀಕ್ಷೆ. ಮದ್ದು ಹೊಡೆಯಲು ಬಂದಾತ ಸೊಂಟದ ಕತ್ತಿ ತೆಗೆದು, ಕಲ್ಲಿಗೆ ಉಜ್ಜಿ ಫಳಫಳ ಮಾಡಿ, ಅದರ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ಎತ್ತಿ ಬೆಳಕಿಗೆ ಹಿಡಿಯುತ್ತಾನೆ. ಅಂಚಿನಲ್ಲಿ ತೆಳ್ಳಗೆ ಕೆಂಪು ಕೂತಿದೆ. ‘ಅಯ್ಯಾ, ಇನ್ನೂ ಕೆಂಪು ಹಿಡೀತೈತೆ. ಇನ್ನೊಂದ್ ತಂಬಿಗೆ ಸುಣ್ಣದ್ ನೀರ್ ಬಿಡಿ.’ ಚಿಕ್ಕಪ್ಪ ಬಿಡುತ್ತಾರೆ. ಮತ್ತೆ ಉಜ್ಜು, ಮತ್ತೆ ಅದ್ದು. ಈ ಸಲ ಅಲಗು ಹೇಗೆ ಹೋಗಿತ್ತೋ ಹಾಗೇ ಬಂತು. ‘ಹ್ಞಾಂ, ಈಗ ಹೊಡೀಬಹುದು.’ ಕಬ್ಬಿಣವು ತಾಮ್ರದ ಸಲ್ಫೇಟಿನಿಂದ ತಾಮ್ರವನ್ನು ಸ್ಥಾನಪಲ್ಲಟಗೊಳಿಸುತ್ತದೆ ಎಂದು ಹತ್ತನೇ ಕ್ಲಾಸಿನಲ್ಲಿ ಮೊಳೆ ಅದ್ದಿ ಕಲಿಯುವುದು ಇದನ್ನೇ. ಸುಣ್ಣ ಸಾಲದಿದ್ದರೆ ಕರಗಿದ ತಾಮ್ರ ಉಳಿದು ಎಳೆಗಾಯನ್ನೇ ಸುಡುತ್ತದೆ. ಸಾಕಷ್ಟಿದ್ದರೆ ತಾಮ್ರ ಕರಗದ ಪುಡಿಯಾಗಿ ಕೊನೆಗೆ ಅಂಟಿಕೊಂಡು, ಮಳೆ ಬಿದ್ದಂತೆಲ್ಲ ಇಷ್ಟಿಷ್ಟೇ ಬಿಡುಗಡೆಯಾಗಿ ಈಜಿ ಬಂದ ಬೀಜಾಣುವನ್ನು ಮುಗಿಸುತ್ತದೆ. ಆ ಕತ್ತಿಯಾತ ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತಿದವನಲ್ಲ. ಮನೆಯ ಹುಡುಗ ವಿಜ್ಞಾನದಲ್ಲಿ 96 ತೆಗೆದವನು, ಒಳಗೆ ಮೊಬೈಲು ನೋಡುತ್ತಾ ಕೂತಿದ್ದ. ಇಬ್ಬರಿಗೂ ಗೊತ್ತಿದ್ದದ್ದು ಒಂದೇ ಕ್ರಿಯೆ, ಇಬ್ಬರಿಗೂ ಅದು ಗೊತ್ತಿಲ್ಲ.

ತೋಟದ ಬುಡಕ್ಕೆ ಸುಣ್ಣ ಹಾಕುವುದು ಇನ್ನೊಂದು ಅಧ್ಯಾಯ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರು ದಾಟಿ ಸುರಿಯುವ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಮ್ಮನ್ನೆಲ್ಲ ತೊಳೆದೊಯ್ದು ಹುಳಿಮಣ್ಣು ಉಳಿಸುತ್ತದೆ. ಯೂರಿಯಾ ಸುರಿದಷ್ಟೂ ಹುಳಿ ಇನ್ನೂ ಏರುತ್ತದೆ. ಆ ಹುಳಿಯಲ್ಲಿ ನಾವು ದುಡ್ಡು ಕೊಟ್ಟು ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂಗಳು ಕಚ್ಚಿ ಹಿಡಿದುಕೊಳ್ಳುತ್ತವೆ, ಬೇರಿಗೆ ಸಿಗದು. ಅಲ್ಲಿ ಸುಣ್ಣ ಬೇಕು. ವಿಜಯಪುರ, ಧಾರವಾಡದ ಎರೆ ಹೊಲಕ್ಕೆ ಅದೇ ಸುಣ್ಣ ಹಾಕಿದರೆ ದಂಡ, ಆ ಮಣ್ಣಿನೊಳಗೇ ಸುಣ್ಣದ ಹರಳುಗಳಿರುತ್ತವೆ. ಸವಳು ಹತ್ತಿದ ಕ್ಷಾರ ಭೂಮಿಯಾದರೆ ಅಲ್ಲಿ ಕೇಳುವುದು ಜಿಪ್ಸಂ. ಯಾವುದು ಬೇಕೆಂದು ಹೇಳುವುದು ಪಿಎಚ್ ಎಂಬ ಒಂದು ಅಂಕಿ. ಡೆನ್ಮಾರ್ಕಿನ ಸೋರೆನ್ಸನ್ 1909ರಲ್ಲಿ ಅದನ್ನು ಬಳಕೆಗೆ ತಂದದ್ದು ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ; ನಮ್ಮ ಮಣ್ಣು ಪರೀಕ್ಷೆಗೆ ಹೀಗೊಂದು ಬಿಯರಿನ ಋಣವಿದೆ. 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ. 6 ಇರುವ ಮಣ್ಣಿಗಿಂತ 5 ಇರುವ ಮಣ್ಣು ‘ಸ್ವಲ್ಪ ಹುಳಿ’ ಅಲ್ಲ, ಹತ್ತು ಪಾಲು ಹುಳಿ. ಪಕ್ಕದ ತೋಟದವರು ಎಷ್ಟು ಹಾಕಿದರೋ ಅಷ್ಟೇ ನಾವೂ ಹಾಕುವುದು ಮಾತ್ರ ಯಾವ ಶಾಸ್ತ್ರದಲ್ಲೂ ಇಲ್ಲ. ಸುಣ್ಣ ಹಾಕಿದ ದಿನವೇ ಅಮೋನಿಯಂ ಗೊಬ್ಬರವನ್ನೂ ಕೊಟ್ಟರೆ ಮೂಗಿಗೆ ಘಾಟು ಹೊಡೆಯುತ್ತದೆ. ನವಸಾಗರಕ್ಕೆ ಸುಣ್ಣ ಸೇರಿಸಿ ಅಮೋನಿಯಾ ತಯಾರಿಸುವ ಪಾಠ ಅದು, ಗೊಬ್ಬರದ ಅಂಗಡಿಯ ಬಿಲ್ಲಿನ ಸಮೇತ.

ಇದನ್ನು ಓದಿ ಹುರುಪು ಬಂದು ಮಕ್ಕಳ ಜೊತೆ ತಿಳಿನೀರು ಮಾಡಲು ಹೊರಡುವವರಿಗೆ ಒಂದು ಮಾತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯ ಎರಡನೇ ಕಣ್ಣಿನ ಗತಿ ಬಹಳ ಕೆಟ್ಟದ್ದು. ಅಂಗಡಿಯಲ್ಲಿ ಸಿಗುವ ಸುಣ್ಣದ ಪೊಟ್ಟಣವನ್ನು ಹಿಸುಕಿ, ಅದು ಸಿಡಿದು ಕಣ್ಣಿಗೆ ಪೆಟ್ಟು ಮಾಡಿಕೊಂಡ ಮಕ್ಕಳು ನಮ್ಮ ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ. ಕ್ಷಾರವು ಆಮ್ಲಕ್ಕಿಂತ ಆಳಕ್ಕೆ ಇಳಿದು ಸುಡುತ್ತದೆ. ಸುಟ್ಟ ಸುಣ್ಣದ ತಂಟೆಗೆ ಹೋಗಬೇಡಿ, ಅರಳಿದ ಸುಣ್ಣ ಸಾಕು, ಕಣ್ಣಿಗೆ ಕನ್ನಡಕವಿರಲಿ. ಅಕಸ್ಮಾತ್ ಬಿದ್ದರೆ ಉಜ್ಜದೆ, ರೆಪ್ಪೆ ಬಿಡಿಸಿ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷವಾದರೂ ತೊಳೆದು ನೇರ ಕಣ್ಣಿನ ಡಾಕ್ಟರ ಹತ್ತಿರ ಓಡಿ. ತಟಸ್ಥೀಕರಣದ ಪಾಠ ನೆನಪಾಯಿತೆಂದು ನಿಂಬೆಹುಳಿ ಹಿಂಡಲು ಮಾತ್ರ ಹೋಗಬೇಡಿ.